ರಾತ್ರಿ ಪಾಳಿ ಹಾಜರಿ: ತಹಜ್ಜುದ್ ಲೆಕ್ಕ, ಎಂಟು ತಿಂಗಳು

ತಹಜ್ಜುದ್, ಅಂದ್ರೆ ರಾತ್ರಿ ನಿದ್ದೆಯಿಂದ ಎದ್ದು ಮಾಡೋ ನಮಾಝ್, 2024ರ ನವೆಂಬರ್ 11ಕ್ಕೆ ಶುರು ಮಾಡಿದ್ದು, ಈಗ 2025ರ ಜುಲೈ. ಎಂಟು ತಿಂಗಳಾಯ್ತಲ್ಲ, ಒಂದ್ಸಲ ಎಲ್ಲಾ ಬರೆದಿಡೋಣ ಅಂತ ಕೂತಿದೀನಿ. ಹೊರಗೆ ಮಳೆ ಬಿಡೋ ಲಕ್ಷಣ ಇಲ್ಲ, ತೋಟದಲ್ಲಿ ಕೆಲಸಾನೂ ಇಲ್ಲ.

ನಾನು ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದ್ರೆ ಕತೆ ಬರೆಯೋನಲ್ಲ, ಚೆಕ್‌ರೋಲ್ ಬರೆಯೋನು. ಯಾರು ಬಂದ್ರು, ಯಾರು ಅರ್ಧ ದಿನಕ್ಕೆ ಹೋದ್ರು, ಎಷ್ಟು ಕೆಜಿ ಹಣ್ಣು ಕುಯ್ದ್ರು, ಇದೇ ನನ್ನ ಜೀವನ. ಹಂಗಾಗಿ ತಹಜ್ಜುದ್ ಅಭ್ಯಾಸ ಮಾಡ್ಕೋಬೇಕು ಅಂತ ಮನಸ್ಸು ಮಾಡಿದಾಗ ಮೊದ್ಲು ಮಾಡಿದ ಕೆಲಸ ಏನಪ್ಪಾ ಅಂದ್ರೆ, ಹಳೇ ಚೆಕ್‌ರೋಲ್ ಬುಕ್ಕಲ್ಲಿ ಖಾಲಿ ಉಳಿದಿದ್ದ ಹಾಳೆಗಳನ್ನ ತಗೊಂಡು ನಂಗೆ ನಾನೇ ಹಾಜರಿ ಹಾಕೋಕೆ ಶುರು ಮಾಡಿದ್ದು. ಎದ್ದು ನಮಾಝ್ ಮಾಡಿದ್ರೆ ಪೂರ್ತಿ ಹಾಜರಿ, ಎದ್ದೆ ಆದ್ರೆ ಮಾಡ್ಲಿಲ್ಲ ಅಂದ್ರೆ ಅರ್ಧ, ಏಳಲೇ ಇಲ್ಲ ಅಂದ್ರೆ ಗೈರು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಐದು ಹೊತ್ತಿನ ನಮಾಝ್ ಕಡ್ಡಾಯ, ಇದು ಹಂಗಲ್ಲ. ಇಶಾ (ರಾತ್ರಿ ನಮಾಝ್) ಮುಗ್ಸಿ ಒಂದು ನಿದ್ದೆ ಮಾಡಿ ಎದ್ದು, ಸುಬಹಿ (ಬೆಳಗಿನ ಜಾವದ ನಮಾಝ್) ಹೊತ್ತು ಆಗೋದ್ರೊಳಗೆ ಎರಡೆರಡು ರಕಾತ್ (ನಿಂತು, ಬಾಗಿ, ಹಣೆ ನೆಲಕ್ಕಿಡೋ ಒಂದು ಸುತ್ತು) ಲೆಕ್ಕದಲ್ಲಿ ಮಾಡೋದು. ಬಿಟ್ರೆ ಪಾಪ ಇಲ್ಲ, ಮಾಡಿದ್ರೆ ದೊಡ್ಡದು. ರಾತ್ರಿಯ ಕೊನೇ ಮೂರನೇ ಒಂದು ಭಾಗ ಶ್ರೇಷ್ಠ ಅಂತಾರೆ, ಆ ಹೊತ್ತಲ್ಲಿ ಅಲ್ಲಾಹು ‘ಕೇಳೋರು ಯಾರಿದ್ದಾರೆ, ಕೊಡ್ತೀನಿ’ ಅಂತ ಕರೀತಾನೆ ಅಂತ ಹದೀಸ್ (ಪ್ರವಾದಿಯವರ ನಡೆ-ನುಡಿಯ ವರದಿ) ಇದೆ. ಲೆಕ್ಕ ಹಾಕೋದು ಸುಲಭ: ಸೂರ್ಯ ಮುಳುಗೋ ಹೊತ್ತಿನ ಮಗ್ರಿಬ್‌ನಿಂದ ಸುಬಹಿ ತನಕ ಎಷ್ಟು ಗಂಟೆ ಅಂತ ನೋಡಿ ಮೂರು ಭಾಗ ಮಾಡಿ. ನಮ್ಮ ಕಡೆ ಜನವರಿ ನಡುವಲ್ಲಿ ಮಗ್ರಿಬ್ ಸುಮಾರು 6:20, ಸುಬಹಿ 5:35 ಹತ್ರ, ಅಂದ್ರೆ ಹನ್ನೊಂದೂಕಾಲು ಗಂಟೆ ರಾತ್ರಿ, ಕೊನೇ ಭಾಗ ಶುರುವಾಗೋದು 1:50ರ ಸುಮಾರಿಗೆ. ನಾನು ಇದನ್ನ ಲೆಕ್ಕ ಹಾಕಿದ್ದೇ ಹಾಕಿದ್ದು, ಓಹೋ ನಡುರಾತ್ರೀಲೇ ಏಳಬೇಕು ಅಂತ ತಪ್ಪು ತಿಳ್ಕೊಂಡೆ. 5 ಗಂಟೆಗೆ ಎದ್ರೂ ಆ ಭಾಗದಲ್ಲೇ ಇರ್ತೀವಿ ಅನ್ನೋದು ತಲೆಗೆ ಹೋಗಿದ್ದು ಡಿಸೆಂಬರ್‌ನಲ್ಲಿ.

ನವೆಂಬರ್: 20 ರಾತ್ರಿಯಲ್ಲಿ 4 ಹಾಜರಿ.

ಶುರುವಿನ ಹುಮ್ಮಸ್ಸು ಹೆಂಗಿತ್ತು ಅಂದ್ರೆ ರಾತ್ರಿ 3 ಗಂಟೆಗೆ ಅಲಾರಂ, ಎಂಟು ರಕಾತ್ ಮತ್ತೆ ಮೂರು ವಿತ್ರ್ (ರಾತ್ರಿ ನಮಾಝ್‌ಗಳ ಕೊನೇಗೆ ಬೆಸ ಸಂಖ್ಯೇಲಿ ಮಾಡೋದು), ಒಟ್ಟು ಹನ್ನೊಂದು, ಯಾಕಂದ್ರೆ ಪ್ರವಾದಿಯವರು ಹನ್ನೊಂದು ಮಾಡ್ತಿದ್ರು ಅಂತ ಅವರ ಪತ್ನಿ ಆಯಿಷಾರ ಹದೀಸ್ ಇದೆಯಲ್ಲ. ಅವರ ಹನ್ನೊಂದೆಲ್ಲಿ ನನ್ನ ಹನ್ನೊಂದೆಲ್ಲಿ. ಅರೇಬಿಕಾ ಕುಯ್ಲು ಆಗ್ಲೇ ಶುರುವಾಗಿತ್ತು, ಸಂಜೆ ತೂಕ ಹಾಕಿ, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಹತ್ರ ನಿಂತು, ಮನೆಗೆ ಬರೋದೇ ಒಂಬತ್ತೂವರೆ. ಮೊದಲ ರಾತ್ರಿ ಪೂರ್ತಿ ಮಾಡಿದೆ, ಮಾರನೇ ದಿನ ತೂಕದ ಲೆಕ್ಕದಲ್ಲಿ ಒಬ್ಬ ಆಳಿನ 38 ಕೆಜಿಯನ್ನ 83 ಅಂತ ಬರೆದೆ. ಮೂರನೇ ರಾತ್ರಿ ಹಣೆ ನೆಲಕ್ಕಿಡೋ ಸುಜೂದ್‌ನಲ್ಲೇ ನಿದ್ದೆ. ಎಷ್ಟೊತ್ತು ಅಂತ ಗೊತ್ತಿಲ್ಲ, ಎದ್ದಾಗ ಹಣೆ ಮೇಲೆ ಮುಸಲ್ಲದ (ನಮಾಝ್ ಚಾಪೆ) ನೇಯ್ಗೆ ಅಚ್ಚೊತ್ತಿತ್ತು, ಮೂಗಿನ ತುದಿ ಮಂಜುಗಡ್ಡೆ ಆಗಿತ್ತು. ನನ್ನ ಹೆಂಡತಿ ನೋಡಿ, ಪರವಾಗಿಲ್ವೇ ಬಹಳ ಉದ್ದದ ಸುಜೂದ್ ಮಾಡಿದ್ರಿ ಅಂದ್ಲು.

ಆಮೇಲೆ ಫೋನಿನ ಕತೆ. ಅಲಾರಂ ಆಫ್ ಮಾಡೋಕೆ ಫೋನ್ ಕೈಗೆ ತಗೊಳ್ಳೋದು, ಒಂದು ಮೆಸೇಜ್ ಕಾಣೋದು, ಅಲ್ಲಿಂದ ರೀಲ್ಸ್‌ಗೆ ಹೋಗೋದು, ಸುಬಹಿ ಹೊತ್ತಾದಾಗ ಯಾವನೋ ಮರದಲ್ಲಿ ಮನೆ ಕಟ್ಟೋದನ್ನ ನೋಡ್ತಾ ಕಂಬಳಿಯೊಳಗೇ ಇರೋದು. ಅರ್ಧ ಹಾಜರಿ ಅನ್ನೋ ಕಾಲಂ ಇಟ್ಟಿದ್ದೇ ತಪ್ಪಾಯ್ತು, ಅಂಥವು ಆ ತಿಂಗಳು ಏಳು.

ಡಿಸೆಂಬರ್: 31ರಲ್ಲಿ 9. ಜನವರಿ: 31ರಲ್ಲಿ 17.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ಏನೋ ಬದಲಾಗಿದ್ದು ಇಲ್ಲೇ. ಒಂದು ಶುಕ್ರವಾರ ಜುಮಾ ಮುಗಿದ್ಮೇಲೆ ಉಸ್ತಾದ್ ಹತ್ರ ಹೋಗಿ ಆಗ್ತಿಲ್ಲ ಅಂದೆ. ಅವರು ಉಪದೇಶ ಏನೂ ಮಾಡ್ಲಿಲ್ಲ, ಕುರ್‌ಆನಿನ ಮುಝಮ್ಮಿಲ್ ಸೂರ (ಅಧ್ಯಾಯ) ಅರ್ಥ ಸಮೇತ ಓದು, ಮೊದಲ ನಾಲ್ಕು ಆಯತ್ (ವಾಕ್ಯ) ಮತ್ತೆ ಕೊನೇದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದು ಅಂದ್ರು ಅಷ್ಟೆ. 73ನೇ ಸೂರ, ಒಟ್ಟು 20 ಆಯತ್. ಶುರುವಲ್ಲಿ ಆಜ್ಞೆ: ಹೊದ್ದು ಮಲಗಿದವರೇ, ರಾತ್ರಿ ನಿಂತು ಪ್ರಾರ್ಥಿಸಿ, ಅರ್ಧ ರಾತ್ರಿ, ಇಲ್ಲಾ ಸ್ವಲ್ಪ ಕಮ್ಮಿ, ಇಲ್ಲಾ ಸ್ವಲ್ಪ ಜಾಸ್ತಿ. ಸಹಾಬಿಗಳೂ (ಪ್ರವಾದಿಯವರ ಸಂಗಾತಿಗಳು) ಒಂದು ವರ್ಷ ಹಂಗೇ ನಿಂತ್ರಂತೆ, ಹನ್ನೆರಡು ತಿಂಗಳು ಕೊನೇ ಆಯತ್ ಇಳಿಯಲೇ ಇಲ್ಲ, ಇದು ಆಯಿಷಾ ಅವರೇ ಹೇಳಿದ್ದು. ಆಮೇಲೆ ಇಳಿದ 20ನೇ ಆಯತ್ ಉಳಿದವುಗಳಿಗಿಂತ ಬಹಳ ಉದ್ದ, ನಮ್ಮ ಮದ್ರಸದಲ್ಲಿ ಅದನ್ನ ಬಾಯಿಪಾಠ ಮಾಡೋಕೆ ಹುಡುಗರೆಲ್ಲ ಅಳ್ತಿದ್ವಿ. ಆದ್ರೆ ಅದರೊಳಗೆ ಏನಿದೆ ಅಂತ ನಾನು ಯಾವತ್ತಾದ್ರೂ ನೋಡಿದ್ನಾ? ನಿಮ್ಮಲ್ಲಿ ಕಾಯಿಲೆಯವರು ಇರ್ತಾರೆ, ಅಲ್ಲಾಹನ ಅನುಗ್ರಹ ಹುಡುಕ್ಕೊಂಡು ಭೂಮಿ ಮೇಲೆ ಓಡಾಡೋರು ಇರ್ತಾರೆ, ಯುದ್ಧದಲ್ಲಿರೋರು ಇರ್ತಾರೆ ಅಂತ ಅವನಿಗೆ ಗೊತ್ತು, ಹಂಗಾಗಿ ನಿಮಗೆ ಎಷ್ಟು ಸುಲಭವೋ ಅಷ್ಟು ಓದಿ. ಅನುಗ್ರಹ ಹುಡುಕ್ಕೊಂಡು ಓಡಾಡೋರು ಅಂದ್ರೆ ಹೊಟ್ಟೆಪಾಡಿನವರು. ಅಂದ್ರೆ ಪಲ್ಪರ್ ಹತ್ರ ಒಂಬತ್ತರ ತನಕ ನಿಲ್ಲೋ ರೈಟರೂ ಆ ಪಟ್ಟೀಲಿ ಇದ್ದಾನೆ. ನನ್ನ ಹೆಸರು ಯಾವುದೋ ಚೆಕ್‌ರೋಲಲ್ಲಿ ಮೊದಲೇ ಬರೆದಿಟ್ಟಂಗೆ ಅನ್ನಿಸ್ತು, ಆ ದಿನ ಲೈನ್ ಮನೆಗೆ (ತೋಟದವರ ಸಾಲುಮನೆ) ವಾಪಸ್ ಬರ್ತಾ ಬೈಕ್ ಓಡ್ಸಿದ್ದೂ ಗೊತ್ತಾಗ್ಲಿಲ್ಲ.

ಅವತ್ತಿಂದ ಎರಡೇ ರಕಾತ್. ಚಿಕ್ಕ ಸೂರಗಳು, ಕಾಫಿರೂನ್ ಮತ್ತೆ ಇಖ್ಲಾಸ್. ಎದ್ದೇಳೋದು 4:50. ವಿತ್ರ್ ಮಲಗೋ ಮುಂಚೆನೇ ಮುಗಿಸಿಬಿಡೋದು, ಏಳ್ತೀನೋ ಇಲ್ವೋ ಅನ್ನೋ ಅನುಮಾನ ಇರೋರು ಹಂಗೆ ಮಾಡಬೇಕು ಅಂತಾನೇ ಹದೀಸ್ ಇದೆ. ಆಮೇಲೆ ಎದ್ರೆ ಮತ್ತೆ ವಿತ್ರ್ ಬೇಡ, ಒಂದು ರಾತ್ರಿಗೆ ಎರಡು ವಿತ್ರ್ ಇಲ್ಲ. ಪಕ್ಕದ ಲೈನ್‌ನ ಡ್ರೈವರ್ ಹನಫಿ, ಅವನ ಪಂಥದಲ್ಲಿ ವಿತ್ರ್ ವಾಜಿಬ್ (ಮಾಡಲೇಬೇಕು), ನಮಗೆ ಶಾಫಿ ಪಂಥದವರಿಗೆ ಸುನ್ನತ್ (ಮಾಡಿದ್ರೆ ಒಳ್ಳೇದು), ಇದರ ಮೇಲೆ ನಾವಿಬ್ರೂ ಟೀ ಅಂಗಡೀಲಿ ಒಂದು ಗಂಟೆ ವಾದ ಮಾಡಿ ಕೊನೆಗೆ ಇಬ್ರೂ ಅವತ್ತು ರಾತ್ರಿ ಮಲಗಿಬಿಟ್ವಿ.

ಫೋನನ್ನ ಬಚ್ಚಲಲ್ಲಿಟ್ಟೆ. ಈ ಒಂದು ಬದಲಾವಣೆ ಬೇರೆ ಎಲ್ಲಾ ಐಡಿಯಾಗಿಂತ ಜಾಸ್ತಿ ಕೆಲಸ ಮಾಡ್ತು. ನಮ್ಮ ಬಚ್ಚಲು ಮನೆಗೆ ಅಂಟ್ಕೊಂಡಿಲ್ಲ, ಎಂಟು ಹೆಜ್ಜೆ ಆಚೆ. ಸಂಜೆ ಸ್ನಾನಕ್ಕೆ ಕಾಫಿ ಗಿಡದ ಸೌದೆ ಹಾಕಿ ಹಂಡೆ ಕಾಯಿಸಿರ್ತೀವಲ್ಲ, ಬೂದಿ ಕೆಳಗೆ ಕೆಂಡ ಬೆಳಗಿನ ಜಾವದ ತನಕ ಉಸಿರಾಡ್ತಾ ಇರುತ್ತೆ, ನೀರು ಬೆಚ್ಚಗೆ ಅಂತಲ್ಲ, ತಣ್ಣಗಿಲ್ಲ ಅಷ್ಟೆ. ಜನವರಿ ಚಳೀಲಿ ಆ ಹಂಡೆ ನೀರಿಗೆ ಮೊಣಕೈ ತನಕ ಕೈ ಒಡ್ಡಿದಾಗ ಮೈಗೆ ಏನಾಗುತ್ತೆ ಅಂತ ಬರೆಯೋಕೆ ಬರಲ್ಲ. ಮಲಗಿದೋನ ಕುತ್ತಿಗೆ ಹಿಂದೆ ಶೈತಾನ ಮೂರು ಗಂಟು ಹಾಕ್ತಾನೆ, ಪ್ರತಿ ಗಂಟಿಗೂ ‘ರಾತ್ರಿ ಇನ್ನೂ ಉದ್ದ ಇದೆ ಮಲಕ್ಕೋ’ ಅಂತಾನೆ, ಎದ್ದು ಅಲ್ಲಾಹನ್ನ ನೆನೆದ್ರೆ ಒಂದು ಬಿಚ್ಚುತ್ತೆ, ವುಳೂ (ನಮಾಝ್‌ಗೆ ಮುಂಚೆ ಮುಖ ಕೈ ಕಾಲು ತೊಳೆಯೋದು) ಮಾಡಿದ್ರೆ ಇನ್ನೊಂದು, ನಮಾಝ್ ಮಾಡಿದ್ರೆ ಮೂರನೇದು ಅಂತ ಹದೀಸ್. ನನ್ನ ಅನುಭವದಲ್ಲಿ ಎರಡನೇ ಗಂಟು ಎಲ್ಲಕ್ಕಿಂತ ಗಟ್ಟಿ. ಅಲ್ಲಿಗೆ ತಲುಪಿದ್ರೆ ಮೂರನೇದು ತಾನಾಗೇ ಬಿಚ್ಕೊಳುತ್ತೆ.

ಜನವರಿ 19ಕ್ಕೆ ಮಾತ್ರ ಆ ಎಂಟು ಹೆಜ್ಜೆ ಆಗ್ಲಿಲ್ಲ. ಬಾಗಿಲು ತೆಗೆದೆ, ಬಚ್ಚಲ ಹಿಂದೆ ಬೈನೆ ಮರ ಲಟಲಟ ಮುರಿಯೋ ಸದ್ದು. ಆನೆ ಗ್ರೂಪಲ್ಲಿ ಹಿಂದಿನ ದಿನಾನೇ ಮೂರು ಆನೆ ಈ ಕಡೆ ಬಂದಿದೆ ಅಂತ ಹಾಕಿದ್ರು, ಆ ಗ್ರೂಪ್ ಇದ್ದ ಫೋನ್ ಬಚ್ಚಲಲ್ಲಿ ಬಡ್ಕೊಳ್ತಾ ಇದೆ. ಅಲಾರಂ ನಿಲ್ಸೋರಿಲ್ಲ, ಹತ್ತು ನಿಮಿಷ ಕೂಗ್ತು, ಇಡೀ ಲೈನ್ ಎದ್ದು ಕೂತು ನಂಗೆ ಬೈತು. ಆವತ್ತಿಂದ ರಾತ್ರಿ ಒಂದು ಬಕೆಟ್ ನೀರು ಒಳಗೇ.

ಇನ್ನೊಂದು ವಿಷ್ಯ, ಕಾಫಿ. ಯೆಮೆನ್‌ನ ಸೂಫಿಗಳು ರಾತ್ರಿ ಇಬಾದತ್‌ಗೆ (ಆರಾಧನೆಗೆ) ನಿದ್ದೆ ಬರಬಾರದು ಅಂತಾನೇ ಕಾಫಿ ಕುಡೀತಿದ್ರು, 15ನೇ ಶತಮಾನದ ಹೊತ್ತಿಗೆ. ಅದೇ ಯೆಮೆನ್‌ನ ಮೋಖಾದಿಂದ ಬಾಬಾ ಬುಡನ್ ಏಳು ಬೀಜ ತಂದು ನಮ್ಮ ಗಿರಿ ಮೇಲೆ ಹಾಕಿದ್ರು ಅಂತ ಪ್ರತೀತಿ. ಅಂದ್ರೆ ನಾನು ಸಂಬಳ ತಗೊಳ್ಳೋ ಬೆಳೆ ಹರಡಿದ್ದೇ ಈ ಕೆಲಸದಿಂದ! ಇದನ್ನ ಕೇಳಿ ಹುರುಪಾಗಿ ರಾತ್ರಿ ಒಂಬತ್ತಕ್ಕೆ ಒಂದು ಲೋಟ ಸ್ಟ್ರಾಂಗ್ ಫಿಲ್ಟರ್ ಕುಡಿಯೋಕೆ ಶುರು ಮಾಡಿದೆ, ಹನ್ನೆರಡೂವರೆ ತನಕ ಕಣ್ಣು ಬಿಟ್ಕೊಂಡು ಬಿದ್ದಿರ್ತಿದ್ದೆ, 4:50ಕ್ಕೆ ಹೆಣ. ಸೂಫಿಗಳು ಮಲಗ್ತಾನೇ ಇರ್ಲಿಲ್ವೇನೋ, ನಂಗೆ ಬೆಳಿಗ್ಗೆ ಆಳುಗಳ ಹಾಜರಿ ತಗೊಳ್ಳೋ ಮಸ್ಟರ್ ಇದೆ. ಈಗ ಸಂಜೆ ಐದಾದ್ಮೇಲೆ ಕಾಫಿ ಇಲ್ಲ, ಹತ್ತಕ್ಕೆ ದೀಪ ಆಫ್. ಏಳೋದು ಕಷ್ಟ ಅಂತ ಎಲ್ರೂ ಹೇಳ್ತಾರೆ, ಹೊತ್ತಿಗೆ ಸರಿಯಾಗಿ ಮಲಗೋದು ಅದಕ್ಕಿಂತ ಕಷ್ಟ.

ಫೆಬ್ರವರಿ 28ರಲ್ಲಿ 12, ರೋಬಸ್ಟಾ ಕುಯ್ಲು, ಹೇಳೋಂಥದ್ದೇನಿಲ್ಲ.

ಮಾರ್ಚ್ ರಂಜಾನ್. 29 ಉಪವಾಸದ ರಾತ್ರಿಯಲ್ಲಿ 27. ಇದು ನನ್ನ ಸಾಧನೆ ಅಲ್ಲ, ಸಹರಿಗೆ (ಉಪವಾಸ ಶುರುವಾಗೋ ಮುಂಚಿನ ಊಟ) ಹೆಂಗೂ ಏಳಬೇಕು, ಗಂಜಿ ಕುದಿಯೋದ್ರೊಳಗೆ ಎರಡು ರಕಾತ್ ಆಗೋಗುತ್ತೆ. ಆ ತಿಂಗಳು ನಾನು ಇನ್ನು ಪಾಸ್ ಅಂದ್ಕೊಂಡಿದ್ದೆ.

ಏಪ್ರಿಲ್: 30ರಲ್ಲಿ 3. ಹಬ್ಬ ಮುಗೀತು, ನಾನೂ ಮುಗಿದೆ. ಪ್ರವಾದಿಯವರು ಒಬ್ಬ ಸಹಾಬಿಗೆ, ‘ರಾತ್ರಿ ನಮಾಝ್ ಮಾಡ್ತಿದ್ದು ಆಮೇಲೆ ಬಿಟ್ಟುಬಿಟ್ಟ ಇಂಥವನ ಹಂಗೆ ಆಗಬೇಡ’ ಅಂದಿದ್ರಂತೆ, ಆ ಇಂಥವನು ನಾನೇ ಅಂತ ದಿನಾ ಅನ್ನಿಸ್ತಿತ್ತು, ಅನ್ನಿಸಿದ್ರೂ ಏಳ್ತಿರ್ಲಿಲ್ಲ.

ಇದೇ ಏಪ್ರಿಲ್‌ನಲ್ಲಿ ಧಣಿ ಆಫೀಸಿಗೆ ಬಂದೋರು ಟೇಬಲ್ ಮೇಲಿದ್ದ ನನ್ನ ಹಾಳೆ ಎತ್ಕೊಂಡು, ಏನಿದು ಹೆಸರೇ ಇಲ್ಲ, ಬರೀ ಒಬ್ಬನೇ ಆಳು, ತಿಂಗಳೆಲ್ಲಾ ಗೈರು? ಅಂದ್ರು. ರಾತ್ರಿ ಪಾಳಿ ಸಾರ್ ಅಂದ್ಬಿಟ್ಟೆ, ಬೇರೇನೂ ಹೊಳೀಲಿಲ್ಲ. ರಾತ್ರಿ ಪಾಳಿಗೆ ಯಾರಿಗಯ್ಯಾ ಕೂಲಿ ಕೊಡ್ತಿದೀಯ ಅಂತ ಕನ್ನಡಕ ಸರಿ ಮಾಡ್ಕೊಂಡ್ರು. ಕೂಲಿ ನಿಮ್ಮ ಕಡೆಯಿಂದ ಅಲ್ಲ ಸಾರ್ ಅಂದೆ. ಅವರು ನಕ್ಕರೋ ಅನುಮಾನ ಪಟ್ಟರೋ ಇವತ್ತಿಗೂ ಗೊತ್ತಿಲ್ಲ, ಆ ವಾರ ಸ್ಟಾಕ್ ಮಾತ್ರ ಎರಡು ಸಲ ಚೆಕ್ ಮಾಡಿದ್ರು. ಆಮೇಲಿಂದ ಹಾಳೆ ಮನೇಲಿ, ಅಕ್ಕಿ ಡಬ್ಬದ ಹಿಂದೆ. ಜನ ನೋಡ್ಲಿ ಅಂತ ಇಬಾದತ್ ಮಾಡಬಾರದು ಅಂತ ಗೊತ್ತು, ಇದನ್ನೂ ಹೆಸರು ಹಾಕದೇ ಬರೀತಿರೋದು ಅದಕ್ಕೇ. ಆದ್ರೂ ಜನವರಿಯ 17 ಅಂತ ಟೈಪ್ ಮಾಡುವಾಗ ಒಳಗೆ ಏನೋ ಉಬ್ಬಿತು, ಸುಳ್ಳು ಯಾಕೆ ಹೇಳ್ಲಿ.

ಮೇ: 31ರಲ್ಲಿ 14. ಜೂನ್: 30ರಲ್ಲಿ 19.

ಮತ್ತೆ ಹತ್ತಿದ್ದು ಹೆಂಗೆ ಅಂದ್ರೆ, ಸತತ ಎರಡು ದಿನ ಗೈರು ಇರಬಾರದು ಅಂತ ಒಂದೇ ರೂಲ್ ಇಟ್ಕೊಂಡೆ. ಬೇಸಿಗೇಲಿ ರಾತ್ರಿ ಚಿಕ್ಕದು, ಜೂನ್‌ನಲ್ಲಿ ಸುಬಹಿ 4:40ರ ಸುಮಾರಿಗೆ ಆಗೋದ್ರಿಂದ 4:10ಕ್ಕೆ ಏಳಬೇಕು, ಚಳಿಗಾಲದಲ್ಲಿ ಶುರು ಮಾಡಿದ್ದು ಒಳ್ಳೇದಾಯ್ತು ಅಂತ ಈಗ ಗೊತ್ತಾಗ್ತಿದೆ. ತೀರಾ ಸುಸ್ತಾದ ದಿನ ಕೂತ್ಕೊಂಡೇ ಮಾಡ್ತೀನಿ. ಪ್ರವಾದಿಯವರ ಪತ್ನಿ ಝೈನಬ್ ಅವರು ಸುಸ್ತಾದಾಗ ಹಿಡ್ಕೊಳ್ಳೋಕೆ ಮಸೀದೀಲಿ ಎರಡು ಕಂಬಕ್ಕೆ ಹಗ್ಗ ಕಟ್ಟಿದ್ರಂತೆ, ಪ್ರವಾದಿಯವರು ನೋಡಿ ಬಿಚ್ಚಿ ಅದನ್ನ, ಚುರುಕಾಗಿರೋ ತನಕ ಮಾಡಿ, ಸುಸ್ತಾದ್ರೆ ಕೂತ್ಕೊಳ್ಳಿ ಅಂದ್ರಂತೆ. ಈಗ ಮುಝಮ್ಮಿಲ್ ಸೂರಾನೇ ಓದೋಕೆ ನೋಡ್ತಿದೀನಿ. ಚಿಕ್ಕಂದಿನಲ್ಲಿ ಕಲಿತಿದ್ದೆಲ್ಲ ಮರೆತೋಗಿದೆ, 14ನೇ ಆಯತ್ ತನಕ ವಾಪಸ್ ಬಂದಿದೆ. ಮಳೆ ಶೀಟ್ ಮೇಲೆ ಹೊಡೆಯೋ ಸದ್ದಿಗೆ ನಾನು ಓದೋದು ನಂಗೇ ಕೇಳಲ್ಲ, ಎಲ್ಲಿ ತಪ್ಪಿದೆ ಅಂತ ತುಟಿ ಮೇಲೇ ಗೊತ್ತಾಗ್ಬೇಕು.

ನಿನ್ನೆ ಗೈರು. ಸಿಲ್ವರ್ ಮರ ವಿದ್ಯುತ್ ತಂತಿ ಮೇಲೆ ಬಿದ್ದು ಕರೆಂಟ್ ಹೋಗಿತ್ತು, ರಾತ್ರಿ ಹನ್ನೊಂದೂವರೆ ತನಕ ಟಾರ್ಚ್ ಹಿಡ್ಕೊಂಡು ನಿಂತಿದ್ದೆ, ಅಲಾರಂ ಬಡ್ಕೊಂಡಿದ್ದು ಹೆಂಡತಿಗೆ ಕೇಳ್ತಂತೆ, ಪಾಪ ಅಂತ ಎಬ್ಬಿಸ್ಲಿಲ್ಲವಂತೆ. ರಾತ್ರಿ ತಪ್ಪಿದ್ರೆ ಪ್ರವಾದಿಯವರು ಹಗಲಲ್ಲಿ ಹನ್ನೆರಡು ರಕಾತ್ ಮಾಡ್ತಿದ್ರು. ನಾನು ಇವತ್ತು ಬೆಳಿಗ್ಗೆ ಗೊಬ್ಬರದ ಸ್ಟೋರಲ್ಲಿ ಖಾಲಿ ಚೀಲ ಹಾಸ್ಕೊಂಡು ನಾಲ್ಕು ಮಾಡಿದೆ, ಐದನೇದಕ್ಕೆ ಏಳುವಷ್ಟರಲ್ಲಿ ಯೂರಿಯಾ ಕೇಳ್ಕೊಂಡು ಮೇಸ್ತ್ರಿ ಬಂದ.