ತಿಂಡಿಗೆ ವೆಜ್ ಆಮ್ಲೆಟ್

ಇವತ್ತು ತಿಂಡಿಗೆ ವೆಜ್ ಆಮ್ಲೆಟ್. ಒಂದು ಕಪ್ ಕಡಲೆಹಿಟ್ಟಿಗೆ 2 ಚಮಚ ಅಕ್ಕಿಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ, ಚಿಟಿಕೆ ಅರಿಶಿನ, ಅಂಗೈಯಲ್ಲಿ ತಿಕ್ಕಿದ ಓಮ. ಓಮ ಮಾತ್ರ ಬಿಡಬೇಡಿ, ಬೆಳಗ್ಗೆ ಬೆಳಗ್ಗೆ ಕಡಲೆಹಿಟ್ಟು ಹೊಟ್ಟೆಗೆ ಭಾರ ಅನ್ನೋರಿಗೆ ಅದೇ ಆಸರೆ. ಬಜ್ಜಿ ಹಿಟ್ಟಿಗಿಂತ ತುಸು ತೆಳ್ಳಗೆ ಕಲಸಿ 10 ನಿಮಿಷ ಬಿಟ್ಟರೆ ಹದಕ್ಕೆ ಬರುತ್ತೆ.

ಕಾದ ಹೆಂಚಿಗೆ ಹುಯ್ದು, ಸುತ್ತ ಎಣ್ಣೆ ಬಿಟ್ಟು ಮುಚ್ಚಿಟ್ಟೆ. ಅಂಚು ತಾನಾಗೇ ಹೆಂಚು ಬಿಟ್ಟು ಏಳೋವರೆಗೂ ಕೈ ಹಾಕಬಾರದು. ಮಗುಚಿದಾಗ ಟೊಮೆಟೊ ಚೂರು ಹೆಂಚಿಗೆ ತಾಗಿ ಚುರ್ ಅಂತು, ಈರುಳ್ಳಿ ಕೆಂಪಗಾಗಿ ಘಮ ಮನೆಯೆಲ್ಲ ಹರಡಿತು. ನನ್ನದರ ಮೇಲೆ ಚಿಟಿಕೆ ಕಾಲಾ ನಮಕ್, ಅಂದ್ರೆ ಕಪ್ಪು ಉಪ್ಪು. ಅದರಲ್ಲಿರೋ ಗಂಧಕದ ಅಂಶದಿಂದಲೇ ಮೊಟ್ಟೆಯ ವಾಸನೆ ಬರೋದು. ಅತ್ತೆಗೆ ಆ ವಾಸನೆ ಆಗಲ್ಲ, ಅವರದಕ್ಕೆ ಮಾಮೂಲಿ ಉಪ್ಪು.

ತಿನ್ನುವಾಗ ಅನ್ನಿಸಿತು. ನಮ್ಮ ಕಡೆ ಕಡಲೆಹಿಟ್ಟಿನ ಡಬ್ಬ ಹೊರಗೆ ಬರೋದು ಮಳೆ ಬಂದ್ರೆ ಬಜ್ಜಿಗೆ, ಹಬ್ಬ ಬಂದ್ರೆ ಮೈಸೂರುಪಾಕಿಗೆ. ಉತ್ತರ ಕರ್ನಾಟಕದವರು ಅದನ್ನ ದಿನದ ಊಟಕ್ಕೇ ತಂದು, ಝುಣಕ ಮಾಡಿ ರೊಟ್ಟಿ ಜೊತೆ ಉಣ್ತಾರೆ. ಎಷ್ಟು ಒಳ್ಳೇ ರೂಢಿ! ಪ್ರೋಟೀನ್ ಚೆನ್ನಾಗಿರೋ ಹಿಟ್ಟು, ನೆನೆಹಾಕೋ ರುಬ್ಬೋ ಗೋಜಿಲ್ಲ. ಬೆಳಗ್ಗೆ ಸ್ಕೂಲು, ಆಫೀಸು ಅಂತ ಓಡೋರ ಮನೇಲಿ ಇದು ವಾರದ ದಿನಗಳಲ್ಲೇ ಆಗಬೇಕು. ನಾಳೆ ಮಕ್ಕಳ ಡಬ್ಬಿಗೂ ಇದನ್ನೇ ಹಾಕ್ತೀನಿ, ಬ್ರೆಡ್ ಮಧ್ಯೆ ಇಟ್ಟು, ಹಸಿರು ಚಟ್ನಿ ಸವರಿ.