ಹೊಂಗೆ ಗ್ಲಿಸರಿನ್ ತಿಂದು ಎಣ್ಣೆ ಕಟ್ಟಿದ ಯೀಸ್ಟ್: ಮೂರನೇ ಬ್ಯಾಚ್

ಮೂರನೇ ಬ್ಯಾಚಿನ ತೂಕ ನಿನ್ನೆ ಸಂಜೆ ಸಿಕ್ಕಿತು. 100 ಮಿಲಿ ದ್ರಾವಣದಿಂದ ಒಣ ಯೀಸ್ಟ್ 0.92 ಗ್ರಾಂ, ಅದರಲ್ಲಿ ಎಣ್ಣೆ 0.29 ಗ್ರಾಂ. ಸುಮಾರು ಶೇ. 32! ಒಣ ತೂಕದ ಶೇ. 20ಕ್ಕಿಂತ ಜಾಸ್ತಿ ಎಣ್ಣೆ ಕೂಡಿಟ್ಟರೆ ಮಾತ್ರ ಎಣ್ಣೆ ಯೀಸ್ಟ್ ಅನ್ನುತ್ತಾರೆ. ನಮ್ಮ ಫ್ಲಾಸ್ಕ್ ಆ ಗೆರೆ ದಾಟಿದ್ದು ಇದೇ ಮೊದಲು.

ಕಾಲೇಜಿನಲ್ಲಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರೆ. 100 ಕೆಜಿ ಎಣ್ಣೆಗೆ ಹತ್ತಿರ ಹತ್ತಿರ 10 ಕೆಜಿ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಕಾಕಂಬಿಯಂಥ ಬಣ್ಣ, ಜೊತೆಗೆ ಸೋಪು, ಮೆಥನಾಲ್. ಕೇಳುವವರೇ ಇಲ್ಲ. ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯ ಎಂಟಿಸಿಸಿಯಿಂದ ತರಿಸಿದ ರೋಡೊಟೊರುಲ ಟೊರುಲಾಯ್ಡಿಸ್ ಅನ್ನೋ ಯೀಸ್ಟಿಗೆ ನಾನು ಉಣಿಸುತ್ತಿರುವುದು ಇದನ್ನೇ.

ಮೊದಲ ಬ್ಯಾಚ್ ಸೋಪಿನ ನೊರೆಯಲ್ಲೇ ಹೋಯಿತು. ಗಾಳಿ ಬೆರೆಯಲೆಂದು ಫ್ಲಾಸ್ಕನ್ನು ಅಲುಗಾಡಿಸುವ ಶೇಕರ್ ತಿರುಗಿದ್ದೇ ತಡ, ನೊರೆ ಹತ್ತಿಯ ಬಿರಡೆವರೆಗೂ ಏರಿತು. ಈಗ ಮೊದಲು ಫ್ಯೂಮ್ ಹುಡ್‌ನಲ್ಲಿ ಬಿಸಿ ಮಾಡಿ ಮೆಥನಾಲ್ ಹಾರಿಸುತ್ತೇನೆ. ಆಮೇಲೆ ಆಸಿಡ್ ಹಾಕಿ ಪಿಎಚ್ 2ಕ್ಕೆ ಇಳಿಸಿದರೆ ಸೋಪು ಒಡೆದು ಕಪ್ಪು ಪದರವಾಗಿ ಮೇಲೆ ತೇಲುತ್ತದೆ. ಅದನ್ನು ತೆಗೆದು ಪಿಎಚ್ ಸರಿ ಮಾಡಿದರೆ ಆಯಿತು.

ಎರಡನೇ ಬ್ಯಾಚಿನಲ್ಲಿ ಯೀಸ್ಟ್ ಚೆನ್ನಾಗಿ ಬೆಳೆಯಿತು, 1.1 ಗ್ರಾಂ. ಆದರೆ ಎಣ್ಣೆ ಬರೀ 0.15. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಗೊಬ್ಬರ ಜಾಸ್ತಿ ಆಗಿದೆ ಕಣಮ್ಮ. ಯೂರಿಯಾ ಸುರಿದರೆ ಭತ್ತ ಬರೀ ಗರಿ ಬಿಡುತ್ತೆ, ಕಾಳು ಕಟ್ಟಲ್ಲ" ಅಂದರು. ನಿಜಕ್ಕೂ ಅದೇ ಆಗಿತ್ತು! ಸಾರಜನಕ ಇರುವ ತನಕ ಯೀಸ್ಟ್ ಮರಿ ಹಾಕುತ್ತಲೇ ಇರುತ್ತದೆ. ಅದು ಮುಗಿದು, ಗ್ಲಿಸರಿನ್ ಮಾತ್ರ ಉಳಿದಾಗ ಕೋಶದೊಳಗೆ ಸಿಟ್ರೇಟ್ ಅನ್ನೋ ಇಂಗಾಲದ ಸಂಯುಕ್ತ ಕೂಡಿಕೊಂಡು ಎಣ್ಣೆಯ ದಾರಿ ಹಿಡಿಯುತ್ತದೆ. ಹಾಗಾಗಿ ಈ ಸಲ ಸಾರಜನಕ ಕೊಡುವ ಅಮೋನಿಯಂ ಸಲ್ಫೇಟನ್ನು 0.5 ಗ್ರಾಂನಿಂದ 0.15ಕ್ಕೆ ಇಳಿಸಿದೆ. ಇಂಗಾಲ-ಸಾರಜನಕದ ಅನುಪಾತ 14ರಿಂದ 37ಕ್ಕೆ ಏರಿತು.

ನಾಲ್ಕನೇ ದಿನ, ಎಣ್ಣೆಗೆ ಕಪ್ಪು ಬಣ್ಣ ಹಿಡಿಸುವ ಸುಡಾನ್ ಬ್ಲ್ಯಾಕ್ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹಿಂದಿನ ಸಲ ಒಂದೊಂದು ಕೋಶದಲ್ಲಿ ಸಾಸಿವೆ ಚುಕ್ಕಿಯಷ್ಟೇ ಕಪ್ಪು ಇತ್ತು. ಈಗ ಒಂದೇ ದೊಡ್ಡ ಹನಿ ಕೋಶದ ಮುಕ್ಕಾಲು ಭಾಗ ತುಂಬಿ, ಗುಲಾಬಿ ಅಂಚು ಮಾತ್ರ ಕಾಣುತ್ತಿತ್ತು. ಪಕ್ಕದ ಬೆಂಚಿನವರನ್ನೆಲ್ಲ ಕರೆದು ತೋರಿಸಿದೆ. ಎಣ್ಣೆ ಕರಗಿಸಿ ತೆಗೆಯಲು ಬಳಸಿದ ಹೆಕ್ಸೇನ್ ಹಾರಿದ ಮೇಲೆ ಬೀಕರಿನ ತಳದಲ್ಲಿ ಉಳಿದ ಎಣ್ಣೆಗೆ ಕಿತ್ತಳೆ ಬಣ್ಣ. ಈ ಯೀಸ್ಟ್ ಕ್ಯಾರಟ್ಟಿನಲ್ಲಿರುವಂಥ ಬಣ್ಣ, ಕ್ಯಾರೊಟಿನಾಯ್ಡನ್ನೂ ಮಾಡುತ್ತದೆ, ಅಲ್ವಾ.

ದಾರಿ ಇನ್ನೂ ಇದೆ. ಲೆಕ್ಕದ ಪ್ರಕಾರ 1 ಗ್ರಾಂ ಗ್ಲಿಸರಿನ್‌ಗೆ ಹೆಚ್ಚೆಂದರೆ 0.3 ಗ್ರಾಂ ಎಣ್ಣೆ ಬರಬೇಕು. ನಾನು 4 ಗ್ರಾಂ ಹಾಕಿದ್ದೆ, ಅಂದರೆ ಸಿಕ್ಕಿದ್ದು ಗ್ರಾಂಗೆ 0.07. ಎರಡನೇ ರಾತ್ರಿ ಕರೆಂಟು ಹೋಗಿ ಶೇಕರ್ ಮೂರು ಗಂಟೆ ನಿಂತಿತ್ತು, ಗಾಳಿ ಸಾಲದೆ ಹೋಗಿರಬೇಕು. ಮುಂದಿನ ಬ್ಯಾಚನ್ನು ಆರು ದಿನ ಬಿಟ್ಟು, ಉಳಿದ ಗ್ಲಿಸರಿನ್ನನ್ನೂ ಅಳೆಯುತ್ತೇನೆ.

ಇನ್ನೊಂದು ವಿಷಯ. ಫ್ಲಾಸ್ಕಿನಲ್ಲಿ ಎಲ್ಲಕ್ಕಿಂತ ದುಬಾರಿ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, ಅಂದರೆ ಪೋಷಕಾಂಶಕ್ಕೆಂದು ಹಾಕುವ ಯೀಸ್ಟ್ ಸಾರ. ಅದರ ಬದಲು ಹೊಂಗೆ ಹಿಂಡಿಯ ನೀರು ಸಾಕಾಗಬಹುದಾ ಅಂತ ನೋಡುವ ಆಸೆ. ಅದರ ಕಹಿ ಯೀಸ್ಟಿಗೆ ಹಿಡಿಸಬೇಕಷ್ಟೆ. 50 ಗ್ರಾಂ ಪುಡಿ ಮಾಡಿ ನೆನೆಹಾಕಿದ್ದೇನೆ, ನಾಳೆ ಬೆಳಿಗ್ಗೆ ಸೋಸಬೇಕು.