ಎರಡು ಅಡಿ ನೀರು

ಕಳೆದ ದಸರಾ ರಜೆಯಲ್ಲಿ ಮೈಸೂರಿನ ಹೊರಗಿರುವ ಒಂದು ರೆಸಾರ್ಟ್‌ಗೆ ಎರಡು ದಿನ ಹೋಗಿದ್ದೆವು. ವಾಟರ್ ಪಾರ್ಕ್ ಸೂರಿನ ಕೆಳಗೇ ಇದೆ, ಮಳೆ ಬಂದರೂ ಮಕ್ಕಳು ಆಡಬಹುದು ಅಂತಲೇ ಅದನ್ನು ಹುಡುಕಿದ್ದು. ನಾನು, ನಮ್ಮ ಮನೆಯವರು, ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು. ಪಾಂಡವಪುರದ ಹತ್ತಿರದ ಊರಿಂದ ಅಪ್ಪನನ್ನೂ ಕರೆದುಕೊಂಡೆವು.

ಅಪ್ಪ ಈಜು ಕಲಿತದ್ದು ವಿ.ಸಿ. ನಾಲೆಯಲ್ಲಿ (ವಿಶ್ವೇಶ್ವರಯ್ಯ ನಾಲೆ), ಸೊಂಟಕ್ಕೆ ಬೆಂಡು ಕಟ್ಟಿಕೊಂಡು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಅದೇ ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಆಮೇಲೆ ನನ್ನ ಮಕ್ಕಳನ್ನು ನಾಲೆ ಏರಿ ಹತ್ತೋದಕ್ಕೂ ನಾನು ಬಿಟ್ಟಿಲ್ಲ. ಆದರೆ ಅವರಿಗೆ ಈಜು ಬರಲೇಬೇಕು ಅನ್ನೋ ಹಟವೂ ಅಂದಿನಿಂದಲೇ ಹುಟ್ಟಿದ್ದು.

ಕಾಟನ್ ಬಟ್ಟೆಯಲ್ಲಿ ನೀರಿಗೆ ಇಳಿಯುವ ಹಾಗಿಲ್ಲ ಅಂದರು. ಅದರ ನೂಲು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ, ನೆನೆದರೆ ಭಾರವೂ ಜಾಸ್ತಿ. ಅಪ್ಪನಿಗೆ ಬಾಡಿಗೆಗೆ ನೈಲಾನ್ ಚಡ್ಡಿ ಕೊಡಿಸಿದೆವು. ಒಳಗೆ ಹೋದರೆ ಕ್ಲೋರಿನ್ ವಾಸನೆ, ಕಣ್ಣುರಿ. ಆ ಘಾಟು ನೀರು ಶುದ್ಧವಾಗಿದೆ ಅನ್ನೋದರ ಗುರುತಲ್ಲ. ಮೈಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಏಳುವ ವಾಸನೆ ಅದು. ಮುಚ್ಚಿದ ಜಾಗದಲ್ಲಿ ಗಾಳಿ ಆಡದಿದ್ದರೆ ಅಲ್ಲೇ ನಿಲ್ಲುತ್ತದೆ. ನೀರಿಗೆ ಇಳಿಯುವ ಮೊದಲು ಸ್ನಾನ ಮಾಡಿ ಅಂತ ಬೋರ್ಡ್ ಇತ್ತು, ಮಾಡಿದವರು ಕಡಿಮೆ.

ಮಗಳು ಚಿಕ್ಕ ಮಕ್ಕಳ ಕೊಳದಲ್ಲಿದ್ದಳು. ಎರಡೇ ಅಡಿ ನೀರು. ತೋಳಿಗೆ ಗಾಳಿ ತುಂಬಿದ ಪಟ್ಟಿ ಬೇರೆ ಹಾಕಿದ್ದೆ. ನಾನು ದಡದಲ್ಲಿ ಕೂತು ಫೋಟೋ ಕಳಿಸುತ್ತಿದ್ದೆ. ಮೇಲಿದ್ದ ದೊಡ್ಡ ಬಕೆಟ್ ಮಗುಚಿ ನೀರು ಧೋ ಅಂತ ಸುರಿಯಿತು. ಮಕ್ಕಳೆಲ್ಲ ಕೂಗಿದರು. ನನ್ನ ಮಗಳು ಕೂಗಲಿಲ್ಲ. ಒಂದು ಪಟ್ಟಿ ಕಳಚಿ ತೇಲುತ್ತಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಅಪ್ಪ ಅವಳ ರಟ್ಟೆ ಹಿಡಿದು ಮೇಲೆತ್ತಿದ್ದರು. ಅವಳು ಕೆಮ್ಮಿದಳು, ಮೂಗಿಂದ ನೀರು ಬಂತು, ಆಮೇಲೆ ಅಳು. ಆ ಅಳು ಕೇಳಿದ ಮೇಲೇ ನನಗೆ ಉಸಿರು ಬಂದದ್ದು.

‘ನೀರಲ್ಲಿ ಮುಳುಗೋರು ಕೂಗಲ್ಲ ಕಣವ್ವ, ಬಾಯಿ ನೀರೊಳಗಿರ್ತದೆ,’ ಅಂದರು ಅಪ್ಪ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಲೈಫ್‌ಗಾರ್ಡ್ ಹುಡುಗರು ಇಬ್ಬರೂ ದೊಡ್ಡ ಜಾರುಬಂಡೆ ಹತ್ತಿರವೇ ಇದ್ದರು. ಚಿಕ್ಕ ಕೊಳಕ್ಕೆ ಯಾರೂ ಇರಲಿಲ್ಲ. ಮ್ಯಾನೇಜರ್‌ಗೆ ಹೇಳಿದೆ, ಬರೆದೂ ಕೊಟ್ಟೆ. ಮಾರನೇ ದಿನ ಒಬ್ಬ ಹುಡುಗ ಸೀಟಿ ಹಿಡಿದು ಅಲ್ಲಿ ನಿಂತಿದ್ದ. ಆದರೂ ಕಾವಲಿಗೆ ಅವನಿದ್ದಾನೆ ಅಂತ ನಾನು ದೂರ ಕೂರಲಿಲ್ಲ. ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ಅಷ್ಟೇ.

ಅಂದು ಬೆಳಿಗ್ಗೆ ಮಗ ಹೊಟ್ಟೆ ಕೆಳಗೆ ತಾತನ ಅಂಗೈ ಇಟ್ಟುಕೊಂಡು ಕಾಲು ಬಡಿಯೋದು ಕಲಿತ. ಮಗಳು ನೀರಿನ ಹತ್ತಿರ ಬರಲೇ ಇಲ್ಲ. ಅಪ್ಪ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, ಬೊಗಸೆಯಲ್ಲಿ ನೀರು ತೆಗೆದು ಅವಳ ಪಾದದ ಮೇಲೆ ಸುರಿಯುತ್ತಾ ಕೂತರು. ಒಂದು ಸಲ, ಎರಡು ಸಲ, ಎಷ್ಟೋ ಸಲ. ನಾನು ಸೊಂಟದವರೆಗೆ ನೀರಲ್ಲಿ, ಅವರ ಎದುರಿಗೇ ನಿಂತಿದ್ದೆ. ಊಟದ ಹೊತ್ತಿಗೆ ಅವಳೇ ಒಂದು ಹೆಬ್ಬೆರಳನ್ನು ನೀರಿಗೆ ತಾಕಿಸಿ ನನ್ನ ಮುಖ ನೋಡಿದಳು.